ರಾಡ್ ಬದಲಿಸುವ ಜಾಗ

ಮಲ್ಪೆ ದಕ್ಕೆಯಲ್ಲಿ ಹನ್ನೊಂದು ವರ್ಷ ಸ್ಟೀಲ್ ಬೋಟುಗಳ ವೆಲ್ಡಿಂಗ್ ಮಾಡಿದವನು ನಾನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ರಿಪೇರಿ ಕೆಲಸ ಜಾಸ್ತಿ ಬರುವುದು ಆ ಜಡಿಮಳೆಯಲ್ಲೇ. ವೆಲ್ಡರ್ ಸರ್ಟಿಫಿಕೇಟ್ ಇದೆಯಾ ಅಂತ ಯಾರೂ ಕೇಳಿರಲಿಲ್ಲ. ಹಡಗು ಕಟ್ಟುವ ಯಾರ್ಡ್ ಒಂದಕ್ಕೆ ಕೆಲಸ ಕೇಳಿಕೊಂಡು ಹೋದಾಗ ಮೊದಲು ಕೇಳಿದ್ದೇ ಅದನ್ನು.

ಪರೀಕ್ಷೆ ಐಎಸ್‌ಒ 9606-1 ಪ್ರಕಾರ, ಅಂದರೆ ಸ್ಟೀಲ್ ವೆಲ್ಡರುಗಳ ಅರ್ಹತೆ ಅಳೆಯುವ ಅಂತರರಾಷ್ಟ್ರೀಯ ಮಾನದಂಡ. 12 ಮಿ.ಮೀ. ದಪ್ಪದ ಎರಡು ಪ್ಲೇಟು, ನಡುವೆ 3 ಮಿ.ಮೀ. ಗ್ಯಾಪ್. ನೆಟ್ಟಗೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ವೆಲ್ಡ್ ಮಾಡಬೇಕು. ಒಂದು ನಿಯಮ ನನಗೆ ಹೊಸದು. ರೂಟ್ ರನ್ನಿನಲ್ಲೂ (ಗ್ಯಾಪಿನ ತಳದಲ್ಲಿ ಹಾಕುವ ಮೊದಲ ಸಾಲು) ಮೇಲಿನ ಕೊನೆಯ ರನ್ನಿನಲ್ಲೂ ಕಡೇಪಕ್ಷ ಒಂದು ಸಲ ನಿಲ್ಲಿಸಿ ಮತ್ತೆ ಶುರು ಮಾಡಲೇಬೇಕು. ಆ ಜಾಗಕ್ಕೆ ಗುರುತು ಹಾಕುತ್ತಾರೆ.

ನನ್ನ ವೆಲ್ಡ್ ನೋಡಲಿಕ್ಕೆ ಚಂದ ಬಂದಿತ್ತು. ಆಮೇಲೆ ವೆಲ್ಡ್ ನಡುವೆ ಬರುವ ಹಾಗೆ ಪಟ್ಟಿ ಕತ್ತರಿಸಿ, ರೂಟ್ ಹೊರಬದಿಗೆ ಬರುವ ಹಾಗೆ 180 ಡಿಗ್ರಿ ಬಗ್ಗಿಸಿದರು. ಗುರುತು ಹಾಕಿದ ಜಾಗದಲ್ಲೇ ಬಾಯಿ ಬಿಟ್ಟಿತು. ಬಿರುಕು 3 ಮಿ.ಮೀ. ಮುಟ್ಟಿದರೆ ಫೇಲ್. ನನ್ನದು ಎಷ್ಟೋ ಜಾಸ್ತಿ.

"ಮಾರಾಯ್ರೇ, ನಿಲ್ಲಿಸಿದ ತುದಿಯನ್ನು ಗ್ರೈಂಡ್ ಮಾಡಿದ್ದೀರಾ?" ಅಂತ ಪರೀಕ್ಷೆ ನೋಡುತ್ತಿದ್ದ ಸರ್ವೇಯರ್ ಕೇಳಿದರು. ಇಲ್ಲ. ಯಾವತ್ತೂ ಮಾಡಿರಲಿಲ್ಲ. ಕರಗಿ ವೆಲ್ಡ್ ಆಗುವ ರಾಡ್ ಮುಗಿದರೆ, ಮೇಲೆ ಗಟ್ಟಿಯಾದ ಸ್ಲ್ಯಾಗ್ ಪದರ ತಟ್ಟಿ, ಅಲ್ಲಿಂದಲೇ ಮುಂದುವರಿಸುವುದು ನಮ್ಮ ಅಭ್ಯಾಸ. ಹಳೇ ತುದಿ ದಪ್ಪಗಿರುತ್ತದೆ, ಹೊಸ ಲೋಹ ಅದರ ಅಡಿಗೆ ಇಳಿಯುವುದಿಲ್ಲ. ಆ ಕ್ಷಣ ನೆನಪಾದದ್ದು ನಾನು ರಿಪೇರಿ ಮಾಡಿದ ಬೋಟುಗಳು. ಒಂದೊಂದರಲ್ಲಿ ಎಷ್ಟು ಸಲ ರಾಡ್ ಬದಲಿಸಿದ್ದೆನೋ! ಅದರ ಮೇಲೆ ಜನ ಸಮುದ್ರಕ್ಕೆ ಹೋಗುತ್ತಾರೆ ಅಲ್ವಾ.

ಒಂದೂವರೆ ತಿಂಗಳು ಬರೀ ಆ ಜಾಗವನ್ನೇ ಅಭ್ಯಾಸ ಮಾಡಿದೆ. ತುದಿಯನ್ನು ಇಳಿಜಾರಾಗಿ ಗ್ರೈಂಡ್ ಮಾಡುವುದು, ಒಂದಿಷ್ಟು ಹಿಂದಿನಿಂದ ಆರ್ಕ್ (ವೆಲ್ಡಿಂಗ್ ಕಿಡಿ) ಹೊಡೆಯುವುದು, ತುದಿಗೆ ಬಂದಾಗ ಸಣ್ಣ ತೂತು ತೆರೆದುಕೊಂಡಿತಾ ಅಂತ ನೋಡಿ ಮುಂದೆ ಹೋಗುವುದು. ಆ ತೂತು ಕಂಡರೆ ಮಾತ್ರ ಒಳಗೆ ಕೂಡಿದೆ ಅಂತ ಲೆಕ್ಕ. ರಾಡಿನ ವಿಷಯದಲ್ಲೂ ಬುದ್ಧಿ ಬಂತು. ನಾವು ಬಳಸುವ 7018 ಅನ್ನುವ ನಮೂನೆಯ ರಾಡಿನ ಹೊರಲೇಪ ಮಳೆಗಾಲದ ಗಾಳಿಗೇ ತೇವ ಎಳೆದುಕೊಳ್ಳುತ್ತದೆ. ಆ ತೇವದಿಂದ ಬರುವ ಹೈಡ್ರೋಜನ್ ವೆಲ್ಡನ್ನು ಒಳಗಿಂದ ಸೀಳಬಹುದು. ಈಗ ಓವನ್ನಿನಲ್ಲಿ ಒಣಗಿಸಿದ್ದನ್ನು ಬಿಸಿ ಡಬ್ಬಿಯಿಂದ ಒಂದೊಂದಾಗಿ ತೆಗೆಯುತ್ತೇನೆ.

ಎರಡನೇ ಸಲ ಪಟ್ಟಿ ಪೂರ್ತಿ ಬಗ್ಗಿತು, ಕೂದಲೆಳೆಯಷ್ಟೂ ಬಿರುಕಿಲ್ಲ. ಆ ಪಟ್ಟಿ ಮನೆಯಲ್ಲಿಟ್ಟಿದ್ದೇನೆ.

ಸರ್ಟಿಫಿಕೇಟ್ ಸುಮ್ನೆ ಇಟ್ಟುಕೊಂಡರೆ ನಡೆಯುವುದಿಲ್ಲ. ಅದೇ ಕೆಲಸ ಮಾಡುತ್ತಾ ಇದ್ದೇನೆ ಅಂತ 6 ತಿಂಗಳಿಗೊಮ್ಮೆ ಸಹಿ ಆಗಬೇಕು. ಇನ್ನೊಂದು, ನನ್ನದು ನಿಂತ ಪ್ಲೇಟಿಗೆ ಕೊಟ್ಟದ್ದು. ತಲೆ ಮೇಲಿನ ವೆಲ್ಡಿಂಗಿಗೆ ಅದು ಸಾಲದು, ಬೋಟಿನ ಅಡಿಭಾಗ ಪೂರ್ತಿ ಅದೇ. ಹಾಗಾಗಿ ಈಗ ಸಂಜೆ ಕೆಲಸ ಮುಗಿದ ಮೇಲೆ ಒಂದು ಪ್ಲೇಟು ಮೇಲಕ್ಕೆ ಕಟ್ಟಿಕೊಂಡು ಅಡಿಯಲ್ಲಿ ಕೂರುತ್ತೇನೆ.