ನಾಯಿಮರಿಗೆ ಲಸಿಕೆ: ಒಂದು ಚುಚ್ಚುಮದ್ದು ಏಕೆ ಸಾಲದು?

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಟೊಮೆಟೊ ತೋಟಕ್ಕೋ ಹಸುವಿನ ಕೊಟ್ಟಿಗೆಗೋ ಕಾವಲಿರಲಿ ಎಂದು ತಂದ ಮರಿಗೆ ಒಮ್ಮೆ ಚುಚ್ಚುಮದ್ದು ಹಾಕಿಸಿ, ‘ಇಂಜೆಕ್ಷನ್ ಆಗಿದೆ’ ಎಂದು ನಿಶ್ಚಿಂತರಾಗುವವರು ಬಹಳ ಮಂದಿ. ಆ ಒಂದನ್ನೇ ನಂಬಿ ಕೂರುವಂತಿಲ್ಲ.

ಗಿಣ್ಣುಹಾಲು ಕುಡಿದ ಕರುವಿಗೆ ರೋಗ ತಡೆಯುವ ಶಕ್ತಿ ಬರುವಂತೆಯೇ, ಹುಟ್ಟಿದ ದಿನ ಕುಡಿದ ತಾಯಿಹಾಲಿನಿಂದ ನಾಯಿಮರಿಗೂ ಪ್ರತಿಕಾಯಗಳು ಬರುತ್ತವೆ. ಅವು ಕೆಲವು ವಾರ ಮರಿಯನ್ನು ಕಾಯುತ್ತವೆ, ಆದರೆ ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅವು ಯಾವಾಗ ಕರಗುತ್ತವೆ ಎಂಬುದು ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆಯಾಗಿರುವುದರಿಂದ, ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಮರಿ ಮನೆಗೆ ಬಂದ ಒಂದೆರಡು ದಿನಗಳಲ್ಲೇ ಅದನ್ನು ಪಶು ಆಸ್ಪತ್ರೆಗೆ ಒಯ್ದು, ತೂಕ ನೋಡಿಸಿ, ಆ ತೂಕಕ್ಕೆ ತಕ್ಕ ಜಂತುಹುಳುವಿನ ಔಷಧ ಕೊಡಿಸಿ. ಜ್ವರ ಅಥವಾ ಭೇದಿ ಇದ್ದರೆ, ಅದು ವಾಸಿಯಾಗುವವರೆಗೆ ವೈದ್ಯರು ಲಸಿಕೆಯನ್ನು ಮುಂದಕ್ಕೆ ಹಾಕುತ್ತಾರೆ.

ಮೊದಲ ಲಸಿಕೆಗೆ ಆರರಿಂದ ಎಂಟು ವಾರದ ವಯಸ್ಸು ಸರಿಯಾದುದು. ಡಿಸ್ಟೆಂಪರ್, ಪಾರ್ವೊ ಮತ್ತು ಯಕೃತ್ತಿಗೆ ತಗಲುವ ಹೆಪಟೈಟಿಸ್, ಈ ಮೂರಕ್ಕೂ ಒಂದೇ ಸೂಜಿಯಲ್ಲಿ ರಕ್ಷಣೆ ಸಿಗುತ್ತದೆ. ಬಳಿಕ ಮೂರು ನಾಲ್ಕು ವಾರಗಳಿಗೊಮ್ಮೆ ಪುನರಾವರ್ತಿಸಿ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳಿ. ತಾಯಿಯಿಂದ ಬಂದ ಪ್ರತಿಕಾಯಗಳು ಬಹುಪಾಲು ಕರಗಿರುವ ಹೊತ್ತಾದ್ದರಿಂದ ಇದನ್ನು ಮಾತ್ರ ಎಂದಿಗೂ ತಪ್ಪಿಸಬಾರದು. ಇವುಗಳಲ್ಲಿ ನನಗೆ ಹೆಚ್ಚು ಭಯ ಪಾರ್ವೊದ್ದು. ವಾಂತಿ ಮತ್ತು ದುರ್ವಾಸನೆಯ ರಕ್ತಭೇದಿಯಿಂದ ಮರಿ ಎರಡು ಮೂರು ದಿನಗಳಲ್ಲೇ ಸಾಯಬಹುದು, ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಿಂದೆ ಒಂದು ಮರಿ ಹೀಗೆ ಸತ್ತ ಅಂಗಳಕ್ಕೆ, ಲಸಿಕೆಗಳು ಮುಗಿಯದ ಹೊಸ ಮರಿಯನ್ನು ತರಬೇಡಿ. ಕೊನೆಯ ಡೋಸ್ ಆಗಿ ಎರಡು ವಾರ ಕಳೆಯುವವರೆಗೆ ಮರಿಯನ್ನು ಬೀದಿಯಲ್ಲೂ ಸಂತೆಯಲ್ಲೂ ನೆಲಕ್ಕೆ ಬಿಡದಿರುವುದು ಕ್ಷೇಮ.

ಹಿಂಡಿ, ಬೂಸಾ ದಾಸ್ತಾನಿರುವಲ್ಲಿ ಇಲಿಗಳಿರುತ್ತವೆ. ಇಲಿಯ ಮೂತ್ರದಿಂದ ಹರಡುವ, ಮನುಷ್ಯರಿಗೂ ತಗಲುವ ಇಲಿಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ.

ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳು ತುಂಬಿದಾಗ ಹಾಕಿಸಬೇಕು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯನ್ನೂ ಉಳಿಸಲಾಗದು, ಮನುಷ್ಯರನ್ನೂ ಉಳಿಸುವುದು ಅಸಾಧ್ಯವೆಂದೇ ಹೇಳಬೇಕು. ಮನೆಯ ಮರಿಯೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇಡಬೇಕು. ಅಂಗಡಿಯಲ್ಲಿ ಕೊಂಡ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು, ಏಪ್ರಿಲ್ ಬಿಸಿಲಲ್ಲಿ ಬೈಕಿನಲ್ಲಿ ಊರಿಗೆ ತಂದರೆ ಅದರ ಗುಣ ಕೆಡುತ್ತದೆ. ಆದ್ದರಿಂದ ಮರಿಯನ್ನೇ ಆಸ್ಪತ್ರೆಗೆ ಕರೆದೊಯ್ಯಿರಿ. ಸೂಜಿ ಹಾಕಿದ ಬಳಿಕ ವೈದ್ಯರು ಸೀಸೆಯ ಮೇಲಿನ ಪುಟ್ಟ ಚೀಟಿಯನ್ನು ಸುಲಿದು ಲಸಿಕೆ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಸಹಿ ಹಾಕುತ್ತಾರೆ. ಯಾವ ಲಸಿಕೆ, ಯಾವ ದಿನ ಎಂಬುದಕ್ಕೆ ಅದೇ ದಾಖಲೆ. ಅರ್ಧ ಗಂಟೆ ಅಲ್ಲೇ ಕಾಯಿರಿ. ಮರಿ ಒಂದು ದಿನ ಮಂಕಾಗಿದ್ದರೆ ಚಿಂತೆಯಿಲ್ಲ, ಆದರೆ ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ವೈದ್ಯರಿಗೆ ತೋರಿಸಬೇಕು.

ಮುಂದಿನ ತಾರೀಖನ್ನು ಪುಸ್ತಕದಲ್ಲಿ ಬಿಟ್ಟುಬಿಡದೆ, ಡೇರಿಯ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಮಾಡಿಕೊಳ್ಳಿ. ವರ್ಷ ತುಂಬಿದಾಗ ಹಾಕಿಸಬೇಕಾದ ಬೂಸ್ಟರಿನ ದಿನವನ್ನೂ ಈಗಲೇ ವೈದ್ಯರಿಂದ ಬರೆಸಿಕೊಳ್ಳಿ.