ನೂಲು ಕೊಳ್ಳುವಾಗ ಕಿಲೋ ದರ ಬಿಡಿ, ಎಳೆಯ ಉದ್ದ ಹಿಡಿಯಿರಿ

ನೂಲಿನ ದರ ಏರಿದರೆ ಸಾಕು, ರಬಕವಿ-ಬನಹಟ್ಟಿಯಲ್ಲಾಗಲಿ ಇಳಕಲ್ಲಿನಲ್ಲಾಗಲಿ, ನೇಕಾರರು ಅಂಗಡಿಯಲ್ಲಿ ಮೊದಲು ಕೇಳುವುದು ‘ಕಿಲೋಕ್ಕೆ ಯಾವುದು ಅಗ್ಗ?’ ಎಂದು. ನಷ್ಟ ಶುರುವಾಗುವುದೇ ಅಲ್ಲಿಂದ. ಮಗ್ಗ ತಿನ್ನುವುದು ಉದ್ದವನ್ನು, ತೂಕವನ್ನಲ್ಲ.

ಮೊದಲು ನಿಮ್ಮ ಸೀರೆಯ ಹಾಸು (ಉದ್ದದ ಎಳೆ), ಹೊಕ್ಕು (ಅಡ್ಡ ಎಳೆ) ಎರಡರ ಕೌಂಟೂ ಬರೆದಿಟ್ಟುಕೊಳ್ಳಿ. ಕೌಂಟ್ ಎಂದರೆ ನೂಲು ಎಷ್ಟು ತೆಳು ಎಂದು ಹೇಳುವ ಸಂಖ್ಯೆ, ಅದು ಏರಿದಷ್ಟೂ ಎಳೆ ತೆಳು.

ಆಮೇಲೆ ಲೆಕ್ಕ. ಹತ್ತಿ ನೂಲಿನ ಕೌಂಟನ್ನು 1,693ರಿಂದ ಗುಣಿಸಿದರೆ ಒಂದು ಕಿಲೋದಲ್ಲಿರುವ ಮೀಟರ್ ಸಿಗುತ್ತದೆ. 80ರ ನೂಲಿಗೆ ಸುಮಾರು 1,35,000 ಮೀಟರ್, 60ರದಕ್ಕೆ 1,01,600. ಕಿಲೋಕ್ಕೆ 80ರ ನೂಲು 400 ರೂಪಾಯಿ, 60ರದು 340 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಮೀಟರಿಗೆ ಮೊದಲನೆಯದು ಇಪ್ಪತ್ತೊಂಬತ್ತೂವರೆ ರೂಪಾಯಿ, ಎರಡನೆಯದು ಮೂವತ್ಮೂರೂವರೆ! ಅಂಗುಲಕ್ಕೆ ಎಳೆ ಅಷ್ಟೇ ಹಾಕುವುದಾದರೆ ಅಗ್ಗವೆಂದು ತಂದ ನೂಲೇ ತುಟ್ಟಿ, ಸೀರೆಯೂ ಭಾರ. 2/80 ಎಂದರೆ ಎರಡೆಳೆಯ ಹುರಿ. ಲೆಕ್ಕಕ್ಕೆ 40 ಎಂದೇ ಹಿಡಿಯಬೇಕು. ಬಹಳ ಜನ ಎಡವುವುದು ಇಲ್ಲೇ. ಪಾಲಿಯೆಸ್ಟರಿನ ಡೆನಿಯರ್ ಲೆಕ್ಕ ಉಲ್ಟಾ: 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಸಂಖ್ಯೆ ಏರಿದಷ್ಟೂ ಎಳೆ ದಪ್ಪ.

ಚೀಟಿಯ ಮೇಲಿನ ಕೌಂಟನ್ನು ನಂಬಿ ಕೂರಬೇಡಿ. 120 ಗಜ, ಅಂದರೆ ಸುಮಾರು 110 ಮೀಟರ್ ನೂಲು ಸುತ್ತಿ ಅಕ್ಕಸಾಲಿಗರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. 64.8ನ್ನು ಆ ಗ್ರಾಂ ತೂಕದಿಂದ ಭಾಗಿಸಿದರೆ ಬರುವುದೇ ನಿಜವಾದ ಕೌಂಟ್. 80ರ ನೂಲು 0.81 ಗ್ರಾಂ ತೂಗಬೇಕು, 0.90 ತೋರಿಸಿದರೆ ನಿಮ್ಮ ಕೈಯಲ್ಲಿರುವುದು 72ರ ನೂಲು. ಒಂದೇ ಕೋನ್ (ನೂಲು ಸುತ್ತಿದ ಉಂಡೆ) ನೋಡಿ ತೀರ್ಮಾನಿಸಬೇಡಿ, ಚೀಲದ ತಳದಿಂದಲೂ ಒಂದನ್ನು ಎಳೆಯಿರಿ. ಮಳೆಗಾಲದಲ್ಲಿ ಇನ್ನೂ ಎಚ್ಚರ ಬೇಕು. ಹತ್ತಿಗೆ ಒಪ್ಪಿತ ತೇವಾಂಶ ಶೇ 8.5, ಮುಟ್ಟಿದರೆ ತಂಪೆನಿಸುವ ನೂಲಿಗೆ ರೊಕ್ಕ ಕೊಟ್ಟರೆ ನೀರಿಗೇ ಕೊಟ್ಟಂತೆ. ಕೋನಿನ ಕೊಳವೆಯ ತೂಕವನ್ನೂ ಕಳೆಯಲು ಹೇಳಿ.

ಇನ್ನು ಬೆರಕೆ. ಹತ್ತಿ ತುಟ್ಟಿಯಾದಾಗ ಪಾಲಿಯೆಸ್ಟರ್ ಸೇರಿದ ನೂಲು ಹತ್ತಿಯ ಹೆಸರಿನಲ್ಲೇ ಬರುತ್ತದೆ. ಎಳೆಗೆ ಕಡ್ಡಿ ಗೀರಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ಉಗುರಿಗೂ ಒಡೆಯದ ಗಟ್ಟಿ ಗುಂಡಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಕೂಡ ಹತ್ತಿಯಂತೆಯೇ ಉರಿಯುವುದರಿಂದ ಎಳೆಯನ್ನು ನೆನೆಸಿ ಜಗ್ಗಿ ನೋಡಿ: ಹಸಿಯಾದ ಹತ್ತಿ ಬಲವಾಗುತ್ತದೆ, ವಿಸ್ಕೋಸ್ ಅರ್ಧ ಬಲ ಕಳೆದುಕೊಂಡು ಪಟ್ಟನೆ ಹರಿಯುತ್ತದೆ. ಬೆರಕೆ ನೂಲನ್ನು ಬಣ್ಣಕ್ಕೆ ಹಾಕುವುದೇ ಬೇಡ. ಹತ್ತಿಯ ಬಣ್ಣವನ್ನು ಪಾಲಿಯೆಸ್ಟರ್ ಹಿಡಿಯುವುದಿಲ್ಲ, ಸೀರೆ ಮಾಸಲಾಗಿ ಕಾಣುತ್ತದೆ.

ದರ ಇನ್ನೂ ಏರುತ್ತದೆಂದು ಸಾಲ ಮಾಡಿ ಗೋದಾಮು ತುಂಬಬೇಡಿ. ಕೈಯಲ್ಲಿರುವ ಆರ್ಡರಿಗೆ ಬೇಕಾದಷ್ಟು, ಮೇಲೊಂದು ಹಾಸಿಗಾಗುವಷ್ಟು ಸಾಕು. ಆದರೆ ಒಂದು ಹಾಸಿನ ನೂಲೆಲ್ಲ ಒಂದೇ ಲಾಟಿನದಾಗಿರಲಿ, ಅಂದರೆ ಒಂದೇ ಸಲ ತಯಾರಾದದ್ದಾಗಿರಲಿ. ಲಾಟ್ ಬದಲಾದರೆ ಬಣ್ಣದಲ್ಲಿ ಪಟ್ಟೆ ಬೀಳುತ್ತದೆ. ಲಾಟ್ ನಂಬರಿನ ಚೀಟಿಯನ್ನು ಆ ನೂಲಿನ ಕೊನೆಯ ಸೀರೆ ಮಾರಾಟವಾಗುವವರೆಗೆ ಬಿಲ್ಲಿನ ಜೊತೆಗೇ ಇಡಿ. ಚೀಟಿ ಇಲ್ಲದೆ ಹೋದರೆ ನೂಲು ವಾಪಸ್ ತೆಗೆದುಕೊಳ್ಳುವ ವ್ಯಾಪಾರಿ ಸಿಗುವುದು ಕಷ್ಟ.