ಸ್ಟೆರಾಯ್ಡ್ ಕೊಡುವ ಮುಂಚೆ ಕಾದ ಒಂಬತ್ತು ದಿನ

ಕಲಬುರಗಿಯಲ್ಲಿ ಹೊಟ್ಟೆ, ಲಿವರ್ ಕಾಯಿಲೆ ನೋಡುವ ಡಾಕ್ಟರ್ ನಾನು. ಆಳಂದ ಕಡೆಯ ತೊಗರಿ ಬೆಳೆಯುವ ರೈತರೊಬ್ಬರು, 60 ದಾಟಿದವರು, ಮಗನ ಜೊತೆ ಬಂದರು. ಕಣ್ಣು ಅರಿಶಿನ, ಮೈಯೆಲ್ಲ ತುರಿಕೆ, ಆದರೆ ನೋವು ಅಷ್ಟಾಗಿ ಇಲ್ಲ. ಎರಡು ವಾರ ಕಾಮಾಲೆಗೆ ನಾಟಿ ಔಷಧಿ ಕುಡಿದಿದ್ದರು. ಆಮೇಲೆ ಸ್ಕ್ಯಾನ್ ಮಾಡಿಸಿದ ಕಡೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರಬಹುದು, ದೊಡ್ಡ ಆಪರೇಷನ್ ಬೇಕು ಅಂದಿದ್ದರಂತೆ.

"ಸಾಹೇಬ್ರೆ, ಆಪರೇಷನ್ ತಪ್ಪತದೇನ್ರಿ?" ಅಂತ ಮಗ ಕೇಳಿದ.

ಸಿಟಿ ಫಿಲ್ಮ್ ನಾನೇ ಮತ್ತೆ ನೋಡಿದೆ. ಇಡೀ ಗ್ರಂಥಿ ಊದಿ, ಏರುತಗ್ಗು ಮಾಯವಾಗಿ ನುಣ್ಣಗಾಗಿತ್ತು, ಸುತ್ತ ತೆಳುವಾದ ಅಂಚು. ಕ್ಯಾನ್ಸರ್ ಗಡ್ಡೆ ಗ್ರಂಥಿಯೊಳಗಿನ ನಾಳವನ್ನು ಒತ್ತಿದರೆ ಸಾಮಾನ್ಯವಾಗಿ ನಾಳದ ಹಿಂಭಾಗ ಹಿಗ್ಗುತ್ತದೆ, ಇಲ್ಲಿ ಸಣ್ಣಗೇ ಇತ್ತು. ದವಡೆ ಕೆಳಗಿನ ಜೊಲ್ಲು ಗ್ರಂಥಿಗಳಲ್ಲಿ ಎರಡೂ ಕಡೆ ಗಂಟು ಸಿಕ್ಕಿತು, ಅವರು ಅದನ್ನು ಹಲ್ಲಿನ ತೊಂದರೆ ಅಂದುಕೊಂಡು ತಿಂಗಳುಗಟ್ಟಲೆ ಸುಮ್ನಿದ್ದರು. ನನಗೆ ಆಗಲೇ ಅನುಮಾನ ಬಂತು: ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಗಳ ಮೇಲೆ ತಿರುಗಿಬಿದ್ದಿದೆ ಅಂತ. ಹಾಗಾದಾಗ ರಕ್ತದಲ್ಲಿ ಹೆಚ್ಚಾಗಿ ಏರುವ ಐಜಿಜಿ4 ಅನ್ನುವ ಪ್ರತಿಕಾಯದ ಪರೀಕ್ಷೆ ಮಾಡಿಸಿದೆ, 410 ಬಂತು. 135ರೊಳಗೆ ಇರಬೇಕಾದದ್ದು.

ಇಷ್ಟಾದ ಮೇಲೆ, ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸ್ಟೆರಾಯ್ಡ್ ಶುರು ಮಾಡಿಬಿಡೋಣ ಅನ್ನಿಸುತ್ತೆ ಅಲ್ವಾ? ನಾನು ಮಾಡಲಿಲ್ಲ. ಕ್ಯಾನ್ಸರ್ ಇರುವ ಕೆಲವರಲ್ಲೂ ಐಜಿಜಿ4 ಏರಿರುತ್ತದೆ, ಮಾತ್ರೆ ಕೊಟ್ಟು ನೋಡುತ್ತಾ ಕೂತರೆ ಆಪರೇಷನ್ನಿನ ಸಮಯ ಕೈತಪ್ಪಬಹುದು. ಹೈದರಾಬಾದಿಗೆ ಕಳಿಸಿ ಎಂಡೋಸ್ಕೋಪಿಯಲ್ಲಿ ಸೂಜಿ ಹಾಕಿ ತುಣುಕು ತೆಗೆಸಿದೆವು, ಪಿತ್ತನಾಳಕ್ಕೆ ಸ್ಟೆಂಟ್ ಕೂಡ ಆಯಿತು. ರಿಪೋರ್ಟಿಗೆ ಒಂಬತ್ತು ದಿನ. ಮಗ ದಿನಾ ಫೋನ್ ಮಾಡುತ್ತಿದ್ದ, ದಿನಾ ಒಂದೇ ಮಾತು ಹೇಳುತ್ತಿದ್ದೆ, ಇನ್ನೂ ಬಂದಿಲ್ಲಪ್ಪ. ಆ ಹೊತ್ತಿನಲ್ಲಿ ಟಿಬಿಗೆ ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ, ಸಕ್ಕರೆ ಎಲ್ಲ ನೋಡಿಟ್ಟೆ. ನಮ್ಮ ಕಡೆ ಟಿಬಿ ನೋಡದೆ ಸ್ಟೆರಾಯ್ಡ್ ಕೊಡಲೇಬಾರದು.

ತುಣುಕಿನಲ್ಲಿ ಕ್ಯಾನ್ಸರ್ ಕೋಶ ಇರಲಿಲ್ಲ, ಐಜಿಜಿ4 ತಯಾರಿಸುವ ಕೋಶಗಳು ತುಂಬಿದ್ದವು, ಅಂದರೆ ಐಜಿಜಿ4 ಕಾಯಿಲೆ. ಪ್ರೆಡ್ನಿಸೊಲೋನ್ ಅನ್ನುವ ಸ್ಟೆರಾಯ್ಡ್ ದಿನಕ್ಕೆ 40 ಮಿ.ಗ್ರಾಂ ನಾಲ್ಕು ವಾರ, ಆಮೇಲೆ ವಾರಕ್ಕೆ 5 ಇಳಿಸುತ್ತಾ ಬಂದೆ. ಎರಡೇ ವಾರಕ್ಕೆ ಸ್ಕ್ಯಾನಿನಲ್ಲಿ ಊತ ಅರ್ಧ ಇಳಿದಿತ್ತು. ನಿಜವಾಗಿ ಖುಷಿಯಾಯಿತು.

ಈ ಕಾಯಿಲೆ ಮರುಕಳಿಸುವುದು ಜಾಸ್ತಿ. ರಾಶಿ ಕಾಲದಲ್ಲಿ ಅವರು ಮಾತ್ರೆ ಬಿಟ್ಟರು, ಕಣ್ಣು ಮತ್ತೆ ಹಳದಿ. ಡೋಸ್ ಮತ್ತೆ ಏರಿಸಿ, ಜೊತೆಗೆ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಇನ್ನೊಂದು ಮಾತ್ರೆ ಅಜಾಥಯೋಪ್ರಿನ್ ಸೇರಿಸಿದೆ. ಸಕ್ಕರೆ ಏರಿದ್ದರಿಂದ ಇನ್ಸುಲಿನ್ ಕೂಡ ಇದೆ, ಅದನ್ನು ಈಗ ಸೊಸೆಯೇ ಚುಚ್ಚುತ್ತಾಳೆ.